‘ಕ್ರಾಫ್ಟ್ ಬಿಯರ್‌ನಲ್ಲಿ ಕೆಮಿಕಲ್ ಇಲ್ಲ, ಕಿಡ್ನಿ ಕಲ್ಲಿಗೆ ಮದ್ದು’: ಈ ಫಾರ್ವರ್ಡ್‌ನಲ್ಲಿ ಎಷ್ಟು ನಿಜ?

ಹೋದ ವಾರ ನಮ್ಮ ವಾಟ್ಸ್‌ಆ್ಯಪ್ ನಂಬರಿಗೆ ಒಂದು ಫಾರ್ವರ್ಡ್ ಬಂತು. ಕಳಿಸಿದವರು ಅರಸೀಕೆರೆಯ ಓದುಗರು. ರೈಲು ಜಂಕ್ಷನ್ ಇರುವ ಹಾಸನದ ಅರಸೀಕೆರೆ ಅಲ್ಲ, ವಿಜಯನಗರ ಜಿಲ್ಲೆ ಹರಪನಹಳ್ಳಿ ತಾಲ್ಲೂಕಿನ ಅರಸೀಕೆರೆ. ಫಾರ್ವರ್ಡ್ ಹೀಗಿತ್ತು:

“ಬಾಟಲಿ ಬಿಯರ್ ಕುಡಿಯಬೇಡಿ, ಅದರಲ್ಲಿ ಗ್ಲಿಸರಿನ್ ಇದೆ! ಬೆಂಗಳೂರಿನ ಕ್ರಾಫ್ಟ್ ಬಿಯರ್ ಮಾತ್ರ ಕುಡಿಯಿರಿ. ನೂರಕ್ಕೆ ನೂರು ನೈಸರ್ಗಿಕ, ಕೆಮಿಕಲ್ ಇಲ್ಲ, ರಾಗಿಯಿಂದಲೂ ಮಾಡುತ್ತಾರೆ. ದಿನಾ ಒಂದು ಮಗ್ ಕುಡಿದರೆ ಹದಿನೈದು ದಿನದಲ್ಲಿ ಕಿಡ್ನಿ ಕಲ್ಲು ಕರಗಿ ಹೋಗುತ್ತದೆ. ಕನಿಷ್ಠ ಹತ್ತು ಜನರಿಗೆ ಕಳಿಸಿ.”

ಅದರ ಕೆಳಗೆ ಅವರದೇ ನಾಲ್ಕು ಸಾಲು: “ಬೆಂಗಳೂರಾಗ ಕೆಲಸಕ್ಕಿರೋ ನಮ್ಮ ತಮ್ಮ ಇದನ್ನ ಮನೆ ಗ್ರೂಪಿಗೆ ಹಾಕ್ಯಾನ. ಅಪ್ಪಾಜಿಗೆ ಸ್ಕ್ಯಾನಿಂಗ್‌ನಾಗ 8 ಎಂಎಂ ಕಲ್ಲು ಐತಿ ಅಂದಾರ. ಹಬ್ಬಕ್ಕ ಬರೋವಾಗ ಎರಡು ಲೀಟರ್ ತರ್ತೀನಿ ಅಂತಾನ. ತರಲಿ ಅನ್ನಲೋ, ಬ್ಯಾಡ ಅನ್ನಲೋ? ಅಷ್ಟಕ್ಕೂ ಈ ಕ್ರಾಫ್ಟ್ ಬಿಯರ್ ಅಂದ್ರ ಏನ್ರಿ? ಒಳ್ಳೇದು ಯಾವ್ದು, ಕೆಟ್ಟದ್ದು ಯಾವ್ದು ಅಂತ ಗೊತ್ತಾಗೋದು ಹೆಂಗ?”

ಪ್ರಶ್ನೆಗಳು ಚೆನ್ನಾಗಿವೆ. ಒಂದೊಂದಾಗಿ ನೋಡೋಣ.

ಮೊದಲು ಚುಟುಕಾಗಿ ಉತ್ತರ

• ಬಾಟಲಿ ಬಿಯರ್‌ಗೆ ಗ್ಲಿಸರಿನ್ ಬೆರೆಸುತ್ತಾರೆ, ಬಾಟಲಿ ತಲೆಕೆಳಗೆ ಮಾಡಿದರೆ ಅದು ಇಳಿದುಹೋಗುತ್ತದೆ: ತಪ್ಪು.
• ಕ್ರಾಫ್ಟ್ ಬಿಯರ್ ನೈಸರ್ಗಿಕ, ಆದ್ದರಿಂದ ಆರೋಗ್ಯಕ್ಕೆ ಒಳ್ಳೆಯದು: ದಾರಿ ತಪ್ಪಿಸುವ ಮಾತು.
• ರಾಗಿಯಿಂದಲೂ ಬಿಯರ್ ಮಾಡುತ್ತಾರೆ: ನಿಜ. ಆದರೆ ಅದು ರಾಗಿ ಗಂಜಿ ಅಲ್ಲ.
• ಬಿಯರ್ ಕುಡಿದರೆ ಕಿಡ್ನಿ ಕಲ್ಲು ಕರಗುತ್ತದೆ: ತಪ್ಪು. ಇದನ್ನು ನಂಬಿ ಚಿಕಿತ್ಸೆ ತಡಮಾಡಿದರೆ ಅಪಾಯ.

ಕ್ರಾಫ್ಟ್ ಬಿಯರ್ ಅಂದರೆ ಏನು?

ಯಾವ ಬಿಯರ್‌ಗೂ ಬೇಕಾಗುವುದು ಮುಖ್ಯವಾಗಿ ನಾಲ್ಕೇ: ನೀರು, ಮೊಳಕೆ ಬರಿಸಿದ ಧಾನ್ಯ, ಹಾಪ್ಸ್ ಎಂಬ ಬಳ್ಳಿಯ ಹೂವು, ಯೀಸ್ಟ್.

ಮೊಳಕೆ ಬರಿಸುವುದು ನಮ್ಮ ಹೆಣ್ಣುಮಕ್ಕಳಿಗೆ ಹೊಸದಲ್ಲ. ಕೂಸಿಗೆ ಅಂಬಲಿ ಮಾಡುವಾಗ ರಾಗಿ ನೆನೆಸಿ, ಬಟ್ಟೆಯಲ್ಲಿ ಕಟ್ಟಿ, ಮೊಳಕೆ ಬಂದ ಮೇಲೆ ಒಣಗಿಸಿ, ಹುರಿದು ಹಿಟ್ಟು ಮಾಡಿಸುತ್ತಾರಲ್ಲ, ಅದೇ ಕೆಲಸ. ಮೊಳಕೆ ಒಡೆಯುವಾಗ ಕಾಳಿನೊಳಗೆ ಕಿಣ್ವಗಳು ಹುಟ್ಟುತ್ತವೆ. ಅವು ಪಿಷ್ಟವನ್ನು ಸಕ್ಕರೆಯಾಗಿ ಒಡೆಯುತ್ತವೆ. ಮೊಳಕೆ ರಾಗಿ ಹಿಟ್ಟು ಸಾದಾ ಹಿಟ್ಟಿಗಿಂತ ಸಿಹಿ ಇರುವುದು ಇದಕ್ಕೇ. ಬಿಯರ್‌ಗೆ ಬಳಸುವುದು ಹೆಚ್ಚಾಗಿ ಜವೆಗೋಧಿ, ಅಂದರೆ ಬಾರ್ಲಿ. ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಗೇ ಮಾಲ್ಟ್ ಎನ್ನುತ್ತಾರೆ.

ಮಾಲ್ಟನ್ನು ನುಚ್ಚು ಮಾಡಿ ಬಿಸಿ ನೀರಿನಲ್ಲಿ ನೆನೆಸಿ ಸೋಸಿದರೆ ಸಿಹಿ ರಸ ಸಿಗುತ್ತದೆ. ಅದಕ್ಕೆ ಹಾಪ್ಸ್ ಹಾಕಿ ಕುದಿಸುತ್ತಾರೆ. ಬಿಯರ್‌ನ ಕಹಿ ಬರುವುದು ಹಾಪ್ಸ್‌ನಿಂದ. ಅದು ಕೆಲವು ಬ್ಯಾಕ್ಟೀರಿಯಾಗಳನ್ನೂ ತಡೆಯುತ್ತದೆ. ಆರಿಸಿದ ರಸಕ್ಕೆ ಯೀಸ್ಟ್ ಬಿಟ್ಟರೆ ಅದು ಸಕ್ಕರೆ ತಿಂದು ಮದ್ಯಸಾರ ಮತ್ತು ಇಂಗಾಲದ ಡೈಆಕ್ಸೈಡ್ ಬಿಡುತ್ತದೆ. ರಾತ್ರಿ ರುಬ್ಬಿಟ್ಟ ದೋಸೆ ಹಿಟ್ಟು ಬೆಳಿಗ್ಗೆ ಉಬ್ಬುವುದೂ ಹೀಗೇ ಸೂಕ್ಷ್ಮಜೀವಿಗಳು ಗಾಳಿ ಬಿಡುವುದರಿಂದ. ಆಮೇಲೆ ಕೆಲವು ದಿನದಿಂದ ಕೆಲವು ವಾರ ತಣ್ಣಗೆ ಇಟ್ಟರೆ ಬಿಯರ್ ಸಿದ್ಧ.

ದೊಡ್ಡ ಕಾರ್ಖಾನೆಯಲ್ಲೂ ಇದೇ ಕ್ರಮ, ಸಣ್ಣ ಜಾಗದಲ್ಲೂ ಇದೇ ಕ್ರಮ. ಸಣ್ಣ ಪ್ರಮಾಣದಲ್ಲಿ, ಒಂದೊಂದು ಬಾರಿಗೆ ಒಂದೊಂದು ರುಚಿ ನೋಡಿಕೊಂಡು ಮಾಡುವುದನ್ನು ಕ್ರಾಫ್ಟ್ ಬಿಯರ್ ಅನ್ನುತ್ತಾರೆ. ಅಲ್ಲೇ ಮಾಡಿ ಅಲ್ಲೇ ಮಾರುವ ಜಾಗಕ್ಕೆ ಮೈಕ್ರೋಬ್ರೂವರಿ ಎಂದು ಹೆಸರು. ಸ್ಟೀಲಿನ ದೊಡ್ಡ ಟ್ಯಾಂಕುಗಳು ಗಾಜಿನಾಚೆ ಕಾಣುತ್ತವಲ್ಲ, ಅದೇ.

ಬೆಂಗಳೂರಿಗೆ ಬಿಯರ್ ಹೊಸದೇನಲ್ಲ. ದಕ್ಷಿಣ ಭಾರತದ ಕೆಲವು ಬ್ರೂವರಿಗಳನ್ನು ಒಂದುಗೂಡಿಸಿ 1915ರಲ್ಲಿ ಹುಟ್ಟಿದ ಯುನೈಟೆಡ್ ಬ್ರೂವರೀಸ್‌ನ ಮುಖ್ಯ ಕಚೇರಿ ಇರುವುದು ಅಲ್ಲೇ. ಮೈಕ್ರೋಬ್ರೂವರಿಗಳು ಮಾತ್ರ ಈಚಿನವು. ಇಂದಿರಾನಗರದ ಟಾಯ್ಟ್, ವಿಠಲ ಮಲ್ಯ ರಸ್ತೆಯ ಬಿಯರ್ ಕ್ಲಬ್ ಶುರುವಾಗಿದ್ದು 2010–11ರ ಸುಮಾರಿಗೆ. ಈಗ ಊರಿನ ನಾಲ್ಕೂ ದಿಕ್ಕಿಗೆ ಇಂಥ ಜಾಗಗಳಿವೆ. ಈ ಹೆಸರುಗಳು ಇತಿಹಾಸಕ್ಕಾಗಿ ಹೇಳಿದ್ದೇ ಹೊರತು ಶಿಫಾರಸು ಅಲ್ಲ.

ಅಂದರೆ ‘ಕ್ರಾಫ್ಟ್’ ಎಂಬ ಪದ ಹೇಳುವುದು ಯಾರು, ಎಷ್ಟು, ಹೇಗೆ ಮಾಡಿದರು ಎಂಬುದನ್ನು. ನಿಮ್ಮ ಲಿವರ್‌ಗೆ, ಕಿಡ್ನಿಗೆ ಏನಾಗುತ್ತದೆ ಎಂಬುದನ್ನು ಅದು ಹೇಳುವುದಿಲ್ಲ. ಫಾರ್ವರ್ಡ್ ಬೆರೆಸಿಬಿಟ್ಟಿರುವುದು ಈ ಎರಡನ್ನೇ.

‘ಕೆಮಿಕಲ್ ಇಲ್ಲ’ ಅನ್ನುವ ಮಾತು

ನೀರೂ ಕೆಮಿಕಲ್ಲೇ, ಉಪ್ಪೂ ಕೆಮಿಕಲ್ಲೇ. ಬಿಯರ್‌ನಲ್ಲಿ ಮತ್ತು ಬರಿಸುವ ಎಥನಾಲ್ ಕೂಡ ಕೆಮಿಕಲ್ಲೇ. ದುಬಾರಿ ಕ್ರಾಫ್ಟ್ ಬಿಯರ್, ಊರಿನ ವೈನ್ ಶಾಪಿನ ಸ್ಟ್ರಾಂಗ್ ಬಿಯರ್, ಕ್ವಾರ್ಟರ್ ವಿಸ್ಕಿ, ಎಲ್ಲದರಲ್ಲೂ ಇರುವುದು ಅದೇ ಎಥನಾಲ್. ಅದನ್ನು ಯೀಸ್ಟ್ ಹುಟ್ಟಿಸುವುದು ನೈಸರ್ಗಿಕವಾಗಿಯೇ. ಹಾಗೆಂದು ಅದು ನಿರಪಾಯಕಾರಿ ಆಗುವುದಿಲ್ಲ. ದತ್ತೂರಿ ಕಾಯಿಯೂ ನೈಸರ್ಗಿಕವೇ.

ದೊಡ್ಡ ಕಂಪನಿಗಳ ಬಿಯರ್‌ಗೂ ಕ್ರಾಫ್ಟ್ ಬಿಯರ್‌ಗೂ ವ್ಯತ್ಯಾಸವೇ ಇಲ್ಲವೇ? ಇದೆ. ಕಾರ್ಖಾನೆ ಬಿಯರ್‌ನಲ್ಲಿ ಸಾಮಾನ್ಯವಾಗಿ ಮಾಲ್ಟಿನ ಜೊತೆಗೆ ಅಕ್ಕಿ, ಮೆಕ್ಕೆಜೋಳ ಅಥವಾ ಸಕ್ಕರೆ ಸೇರುತ್ತದೆ. ಹರಪನಹಳ್ಳಿ ಸುತ್ತ ಹೊಲದ ತುಂಬ ನಿಂತಿರುವ ಮೆಕ್ಕೆಜೋಳದಂಥದ್ದೇ. ಇದು ಕಲಬೆರಕೆ ಅಲ್ಲ. ಖರ್ಚು ಕಡಿಮೆ, ರುಚಿ ಹಗುರ. ಇನ್ನು ಬಾಟಲಿ ತಿಂಗಳುಗಟ್ಟಲೆ ಕೆಡಬಾರದೆಂದು ಸೋಸಿ, ಬಿಸಿ ಮಾಡಿ ಸೂಕ್ಷ್ಮಜೀವಿಗಳನ್ನು ಕೊಲ್ಲುತ್ತಾರೆ. ಇದೇ ಪಾಶ್ಚೀಕರಣ. ಹಾಲಿಗೆ ಮಾಡುವಂಥದ್ದೇ. ಲೂಯಿ ಪಾಶ್ಚರ್ ಬಿಯರ್ ಹಾಳಾಗುವುದೇಕೆ ಎಂಬುದರ ಬಗ್ಗೆಯೇ 1876ರಲ್ಲಿ ಒಂದು ಪುಸ್ತಕ ಬರೆದಿದ್ದರು.

ಮೈಕ್ರೋಬ್ರೂವರಿಯ ಬಿಯರನ್ನು ಸಾಮಾನ್ಯವಾಗಿ ಹಾಗೆ ಬಿಸಿ ಮಾಡುವುದಿಲ್ಲ. ಅದಕ್ಕೇ ರುಚಿ ತಾಜಾ. ಅದಕ್ಕೇ ಬೇಗ ಕೆಡುವುದೂ.

ಗ್ಲಿಸರಿನ್ ಕತೆ

ಬಾಟಲಿ ಮುಚ್ಚಳ ತೆಗೆದು, ನೀರು ತುಂಬಿದ ಲೋಟದಲ್ಲಿ ತಲೆಕೆಳಗೆ ಹಿಡಿದರೆ ಎಣ್ಣೆಯಂಥ ಎಳೆಗಳು ಕೆಳಗಿಳಿಯುತ್ತವೆ. “ನೋಡು, ಗ್ಲಿಸರಿನ್ ಹೊರಗೆ ಬಂತು” ಎನ್ನುತ್ತಾರೆ. ನಮಗೂ ಒಂದೆರಡು ವಿಡಿಯೋ ಬಂದಿವೆ. ಎಳೆ ಕಾಣುವುದು ನಿಜ. ಅದು ಗ್ಲಿಸರಿನ್ ಅನ್ನುವುದು ಮಾತ್ರ ಸುಳ್ಳು.

ಮೊದಲನೆಯದು, ಗ್ಲಿಸರಿನ್ ನೀರಿನಲ್ಲಿ ಪೂರ್ತಿ ಬೆರೆಯುವ ವಸ್ತು. ಬಿಯರ್‌ನಲ್ಲಿ ಬಹುಪಾಲು ನೀರೇ. ಅದರಲ್ಲಿ ಕರಗಿದ ಗ್ಲಿಸರಿನ್ ತಾನೊಬ್ಬನೇ ಬೇರೆಯಾಗಿ ಹೊರಗೆ ಬರಲಾರದು. ಚಹಾದಲ್ಲಿ ಕರಗಿದ ಸಕ್ಕರೆಯನ್ನು ಲೋಟ ಬೋರಲು ಹಾಕಿ ತೆಗೆಯಲಾದೀತೇ?

ಎರಡನೆಯದು, ಹೊರಗೆ ಬರುತ್ತಿರುವುದು ಬಿಯರ್ರೇ. ಅದರಲ್ಲಿ ಉಳಿದ ಸಕ್ಕರೆ ಮತ್ತಿತರ ಅಂಶಗಳಿಂದ ಅದು ನೀರಿಗಿಂತ ಸ್ವಲ್ಪ ಭಾರ. ಜೊತೆಗೆ ಬಾಟಲಿಯೊಳಗೆ ಮೇಲೇರುವ ಗ್ಯಾಸ್ ಅದನ್ನು ಕೆಳಕ್ಕೆ ತಳ್ಳುತ್ತದೆ. ಎರಡು ದ್ರವಗಳಲ್ಲಿ ಬೆಳಕು ಬಾಗುವ ರೀತಿ ಬೇರೆ ಇರುವುದರಿಂದ ನಡುವೆ ಎಣ್ಣೆ ಎಳೆಯಂತೆ ಕಾಣುತ್ತದೆ.

ಮನೆಯಲ್ಲೇ ಪರೀಕ್ಷಿಸಬಹುದು, ಬಿಯರ್ ಬೇಡ. ಒಂದು ಸಣ್ಣ ಬಾಟಲಿಗೆ ಬೆಲ್ಲದ ನೀರು ತುಂಬಿ, ಸಾದಾ ನೀರಿನ ಲೋಟದಲ್ಲಿ ಬೋರಲು ಹಿಡಿಯಿರಿ. ಅದೇ ಎಳೆಗಳು ಕಾಣುತ್ತವೆ. ಬೆಲ್ಲದ ನೀರಿಗೆ ಯಾರೂ ಗ್ಲಿಸರಿನ್ ಬೆರೆಸಿರುವುದಿಲ್ಲ.

ಮೂರನೆಯದು ಸ್ವಾರಸ್ಯಕರ. ಹುದುಗುವಾಗ ಯೀಸ್ಟ್ ತಾನೇ ಒಂದಿಷ್ಟು ಗ್ಲಿಸರಿನ್ ಹುಟ್ಟಿಸುತ್ತದೆ, ಲೀಟರಿಗೆ ಒಂದೆರಡು ಗ್ರಾಂನಷ್ಟು. ಅಂದರೆ ‘ಗ್ಲಿಸರಿನ್ ಇಲ್ಲದ’ ಎಂದು ಫಾರ್ವರ್ಡ್ ಹೊಗಳುವ ಕ್ರಾಫ್ಟ್ ಬಿಯರ್‌ನಲ್ಲೂ ಅದು ಇದ್ದೇ ಇರುತ್ತದೆ. ಆ ಪ್ರಮಾಣದಿಂದ ತೊಂದರೆ ಇಲ್ಲ. ಬೆಳಿಗ್ಗೆ ತಲೆ ಸಿಡಿಯುವುದಕ್ಕೆ ಮುಖ್ಯ ಕಾರಣ ಎಥನಾಲ್. ಬಾಟಲಿ ಬೋರಲು ಹಾಕಿದರೆ ಅದೇನೂ ಹೋಗುವುದಿಲ್ಲ.

ರಾಗಿ ಬಿಯರ್ ಕುಡಿದರೆ ರಾಗಿ ತಿಂದಂತೆಯೇ?

ಬೆಂಗಳೂರಿನ ಕೆಲವು ಮೈಕ್ರೋಬ್ರೂವರಿಗಳು ರಾಗಿ, ಮಾವು, ಕಾಫಿ ಬಳಸಿ ಬಿಯರ್ ಮಾಡುತ್ತವೆ. ರಾಗಿಯನ್ನು ಹುದುಗಿಸುವುದು ಹೊಸತೇನಲ್ಲ. ನೇಪಾಳ, ಸಿಕ್ಕಿಂ ಕಡೆ ‘ತೋಂಗ್ಬಾ’ ಎಂಬ ಪಾನೀಯ ಮಾಡುವುದು ರಾಗಿಯಿಂದಲೇ. ಹುದುಗಿಸಿದ ರಾಗಿಯ ಮೇಲೆ ಬಿಸಿ ನೀರು ಹೊಯ್ದು ಕೊಳವೆಯಿಂದ ಹೀರುತ್ತಾರೆ.

ಆದರೆ ಬಿಯರ್ ಮಾಡುವಾಗ ಧಾನ್ಯದಿಂದ ತೆಗೆದುಕೊಳ್ಳುವುದು ಮುಖ್ಯವಾಗಿ ಸಕ್ಕರೆಯ ರಸ. ಸಿಪ್ಪೆ, ನಾರು ಚರಟದಲ್ಲೇ ಉಳಿಯುತ್ತವೆ. ರಾಗಿಯ ಹೆಸರು ಕೇಳಿದೊಡನೆ ನೆನಪಾಗುವ ಕ್ಯಾಲ್ಸಿಯಂ ಹೆಚ್ಚಾಗಿ ಇರುವುದೂ ಆ ಸಿಪ್ಪೆಯ ಭಾಗದಲ್ಲೇ. ಬ್ರೂವರಿಗಳಿಂದ ಹೊರಬರುವ ಈ ಚರಟ ದನದ ಮೇವಾಗಿ ಹೋಗುವುದುಂಟು. ಲೆಕ್ಕ ಹಾಕಿದರೆ ರಾಗಿ ಬಿಯರ್‌ನಲ್ಲಿ ರಾಗಿಯ ಒಳ್ಳೆಯ ಪಾಲು ಸಿಗುವುದು ಎಮ್ಮೆಗೆ. ಮುದ್ದೆ, ಅಂಬಲಿಯ ಲಾಭ ಬೇಕಾದರೆ ಮುದ್ದೆ, ಅಂಬಲಿಯನ್ನೇ ತಿನ್ನಬೇಕು, ಕುಡಿಯಬೇಕು.

ಒಳ್ಳೆಯ ಬಿಯರ್ ಗುರುತಿಸುವುದು ಹೇಗೆ?

ಆರೋಗ್ಯದ ಮಾತು ಬಿಟ್ಟು ರುಚಿಯ ಮಾತಿಗೆ ಬಂದರೆ, ಒಳ್ಳೆಯ ಬಿಯರ್, ಕೆಟ್ಟ ಬಿಯರ್ ಎಂಬ ಭೇದ ಖಂಡಿತ ಇದೆ. ನೀವು ಕುಡಿಯುವವರೇ ಆಗಿದ್ದರೆ, ಬೆಂಗಳೂರಿನಲ್ಲಿ ಸ್ನೇಹಿತರು ಇಂಥ ಜಾಗಕ್ಕೆ ಕರೆದುಕೊಂಡು ಹೋದರೆ, ಇಷ್ಟು ಗೊತ್ತಿರಲಿ. ಕುಡಿಯದವರು ಶುರುಮಾಡಲು ಇದು ಕಾರಣವಲ್ಲ.

1. ಹೆಸರಿಗಿಂತ ದಿನಾಂಕ ಮುಖ್ಯ. “ಇದನ್ನು ಯಾವಾಗ ಟ್ಯಾಪಿಗೆ ಹಾಕಿದಿರಿ?” ಎಂದು ಕೇಳಿ. ಕೇಳಲು ಸಂಕೋಚ ಬೇಡ. ಕೆಲಸ ಗೊತ್ತಿರುವ ಜಾಗದವರು ಖುಷಿಯಿಂದ ಹೇಳುತ್ತಾರೆ. ಒಳಗೆ ಸಂಜೆಗೂ ಖಾಲಿ ಹೊಡೆಯುವ ಜಾಗದಲ್ಲಿ ಹತ್ತು ಬಗೆಯ ಬಿಯರ್ ಇದ್ದರೆ, ಅದರಲ್ಲಿ ಕೆಲವು ಹಳೆಯವು ಇರುವ ಸಾಧ್ಯತೆ ಹೆಚ್ಚು.

2. ಮೊದಲೇ ದೊಡ್ಡ ಮಗ್ ಹೇಳಬೇಡಿ. ಬಹುತೇಕ ಕಡೆ ಸಣ್ಣ ಸಣ್ಣ ಲೋಟಗಳಲ್ಲಿ ನಾಲ್ಕಾರು ಬಗೆ ರುಚಿ ನೋಡಲು ಕೊಡುತ್ತಾರೆ. ದುಡ್ಡೂ ಉಳಿಯುತ್ತದೆ, ಕುಡಿಯುವುದೂ ಕಡಿಮೆಯಾಗುತ್ತದೆ.

3. ಮಬ್ಬಾಗಿದ್ದರೆ ಕೆಟ್ಟಿದೆ ಎಂದಲ್ಲ. ಗೋಧಿಯಿಂದ ಮಾಡುವ ಜರ್ಮನ್ ಬಗೆಯ ಹೆಫೆವೈಜನ್ ಇರುವುದೇ ಮಬ್ಬಾಗಿ. ಯೀಸ್ಟ್, ಗೋಧಿಯ ಪ್ರೋಟೀನು ಅದರಲ್ಲಿ ತೇಲುತ್ತಿರುತ್ತವೆ. ಅದು ಬಾಳೆಹಣ್ಣು, ಲವಂಗದಂತೆ ಘಮಿಸುತ್ತದೆ. “ಎಸೆನ್ಸ್ ಹಾಕಿದ್ದಾರೆ” ಎಂದು ಹಲವರು ಅನುಮಾನಪಡುತ್ತಾರೆ. ಆ ಘಮ ಹುಟ್ಟಿಸುವುದು ಆ ಬಗೆಯ ಯೀಸ್ಟೇ. ಬಾಳೆಹಣ್ಣಿನ ವಾಸನೆಗೆ ಕಾರಣವಾದ ಐಸೋಅಮೈಲ್ ಅಸಿಟೇಟ್ ಎಂಬ ವಸ್ತುವನ್ನೇ ಅದೂ ತಯಾರಿಸುತ್ತದೆ.

4. ಕಹಿ ಇದ್ದರೂ ಕೆಟ್ಟಿದೆ ಎಂದಲ್ಲ. ಇಂಡಿಯಾ ಪೇಲ್ ಏಲ್ ಎಂಬ ಬಗೆಗೆ ಹಾಪ್ಸ್ ಜಾಸ್ತಿ ಹಾಕುತ್ತಾರೆ. ಹಾಗಲಕಾಯಿ ಇಷ್ಟಪಡುವವರಿಗೆ ಅದು ಹಿಡಿಸಬಹುದು.

5. ಮೂಗು ಸುಳ್ಳು ಹೇಳುವುದಿಲ್ಲ. ಹುಳಿ ಬಿಯರ್ ಎಂದೇ ಮಾಡಿರದಿದ್ದರೆ, ವಿನಿಗರ್‌ನಂಥ ಹುಳಿ ಬಂದಿದ್ದಕ್ಕೆ ಕಾರಣ ಬ್ಯಾಕ್ಟೀರಿಯಾ. ಪೈಪು, ನಲ್ಲಿ ತೊಳೆಯದಿರುವುದು ಇದಕ್ಕೆ ಸಾಮಾನ್ಯ ಕಾರಣ. ಬೆಣ್ಣೆ ಪಾಪ್‌ಕಾರ್ನ್ ವಾಸನೆ ಬಂದರೆ ಹೆಚ್ಚಾಗಿ ಪೂರ್ತಿ ಪಕ್ವವಾಗುವ ಮೊದಲೇ ಬಿಯರ್ ತೆಗೆದಿದ್ದಾರೆ. ಒದ್ದೆ ರಟ್ಟಿನ ವಾಸನೆ ಬಂದರೆ ಗಾಳಿ ಸೇರಿ ಹಳತಾಗಿದೆ. ಇಂಥದ್ದನ್ನು ವಾಪಸು ಕೊಡಬಹುದು.

6. ಲೋಟ ನೋಡಿ. ಗಾಜಿನ ಒಳಗೋಡೆಗೆ ಗುಳ್ಳೆಗಳು ಅಂಟಿ ಕೂತಿದ್ದರೆ ಲೋಟದಲ್ಲಿ ಜಿಡ್ಡು ಅಥವಾ ಕೊಳೆ ಉಳಿದಿದೆ. ಶುದ್ಧ ಲೋಟದಲ್ಲಿ ನೊರೆ ನಿಲ್ಲುತ್ತದೆ, ಗುಳ್ಳೆ ಮೇಲೇರುತ್ತವೆ.

ಊರಿನ ಅಂಗಡಿಯ ಬಾಟಲಿಗೂ ಒಂದು ಪರೀಕ್ಷೆ ಇದೆ. ಬಿಯರ್‌ಗೆ ಬಿಸಿಲು ಶತ್ರು. ಹಾಪ್ಸ್‌ನ ಕಹಿ ಅಂಶದ ಮೇಲೆ ಬೆಳಕು ಬಿದ್ದರೆ ಗಂಧಕ ಇರುವ ಒಂದು ವಸ್ತು ಹುಟ್ಟಿ ಗಬ್ಬು ನಾರುತ್ತದೆ. ಕಂದು ಗಾಜು ಆ ಬೆಳಕನ್ನು ಸಾಕಷ್ಟು ತಡೆಯುತ್ತದೆ, ಹಸಿರು ಮತ್ತು ಬಿಳಿ ಗಾಜು ಅಷ್ಟು ತಡೆಯುವುದಿಲ್ಲ. ನಮ್ಮ ಕಡೆ ಬೇಸಿಗೆಯಲ್ಲಿ ಬಿಸಿಲಿಗೆ ಮುಖಮಾಡಿ ಜೋಡಿಸಿಟ್ಟ ಬಾಟಲಿ ಎಷ್ಟು ದೊಡ್ಡ ಕಂಪನಿಯದಾದರೂ ಕೆಟ್ಟಿರಬಹುದು. ‘ಈ ಕಂಪನಿಯದು ನಾರುತ್ತದೆ’ ಎಂಬ ದೂರಿನಲ್ಲಿ ಎಷ್ಟೋ ಸಲ ತಪ್ಪು ಬಿಸಿಲಿನದು.

ತಮ್ಮ ತರುವ ಎರಡು ಲೀಟರ್ ಏನಾಗುತ್ತದೆ?

ಮೈಕ್ರೋಬ್ರೂವರಿಗಳಿಂದ ಪಾರ್ಸೆಲ್ ತರುವ ದೊಡ್ಡ ಬಾಟಲಿಗೆ ಗ್ರೌಲರ್ ಎನ್ನುತ್ತಾರೆ. ಟ್ಯಾಪಿನಿಂದ ತುಂಬುವಾಗಲೇ ಒಂದಿಷ್ಟು ಗಾಳಿ ಸೇರುತ್ತದೆ, ಗ್ಯಾಸ್ ಹೋಗುತ್ತದೆ. ಪಾಶ್ಚೀಕರಣ ಆಗಿಲ್ಲದ ಕಾರಣ ಅದು ತಣ್ಣಗೇ ಇರಬೇಕು. ಬೆಂಗಳೂರಿನಿಂದ ರಾತ್ರಿ ಬಸ್ಸಿನಲ್ಲಿ, ಬ್ಯಾಗಿನ ನಡುವೆ, ಸೆಕೆಯಲ್ಲಿ ಅರಸೀಕೆರೆ ತಲುಪುವ ಹೊತ್ತಿಗೆ ಅದು ದುಡ್ಡು ಕೊಟ್ಟ ರುಚಿಯಲ್ಲಿ ಉಳಿದಿರುವುದು ಕಷ್ಟ. ಬಿಸಿಯಾಗಿ ಒಳಗಿನ ಒತ್ತಡ ಹೆಚ್ಚಿದರೆ ಗಾಜು ಒಡೆಯುವ ಅಪಾಯವೂ ಇದೆ. ಕ್ರಾಫ್ಟ್ ಬಿಯರ್‌ನ ಇಡೀ ಹೆಚ್ಚುಗಾರಿಕೆ ತಾಜಾತನದ್ದು. ಅದು ಹುಟ್ಟಿದ ಜಾಗದಲ್ಲೇ ಚೆಂದ.

ಮಗ್ಗಿನ ಲೆಕ್ಕ

“ಬಿಯರ್ ಅಲ್ವಾ, ಏನಾಗಲ್ಲ” ಎನ್ನುವವರು ಈ ಲೆಕ್ಕ ನೋಡಬೇಕು. ಒಟ್ಟು ಮಿಲಿಲೀಟರನ್ನು ಶೇಕಡಾ ಮದ್ಯಸಾರದಿಂದ ಗುಣಿಸಿ, ನೂರರಿಂದ ಭಾಗಿಸಿ, 0.79ರಿಂದ ಗುಣಿಸಿದರೆ ಎಷ್ಟು ಗ್ರಾಂ ಎಥನಾಲ್ ಎಂದು ತಿಳಿಯುತ್ತದೆ.

• ವಿಸ್ಕಿ, 30 ಮಿ.ಲೀ. ಒಂದು ಪೆಗ್, ಶೇ 42.8: ಸುಮಾರು 10 ಗ್ರಾಂ
• ಕ್ರಾಫ್ಟ್ ಬಿಯರ್, 500 ಮಿ.ಲೀ. ಒಂದು ಮಗ್, ಶೇ 5: ಸುಮಾರು 20 ಗ್ರಾಂ
• ಸ್ಟ್ರಾಂಗ್ ಬಿಯರ್, 650 ಮಿ.ಲೀ. ಒಂದು ಬಾಟಲಿ, ಶೇ 8: ಸುಮಾರು 41 ಗ್ರಾಂ

ಅಂದರೆ ಒಂದು ಮಗ್ ಕ್ರಾಫ್ಟ್ ಬಿಯರ್ ಎರಡು ಪೆಗ್ಗಿಗೆ ಸಮ. ಒಂದು ಸ್ಟ್ರಾಂಗ್ ಬಾಟಲಿ ನಾಲ್ಕು ಪೆಗ್ಗಿಗೆ ಸಮ. ನಮ್ಮ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮದ ಪ್ರಕಾರ ಶೇ 5ಕ್ಕಿಂತ ಹೆಚ್ಚು, ಶೇ 8ರವರೆಗೆ ಮದ್ಯಸಾರ ಇರುವುದು ಸ್ಟ್ರಾಂಗ್ ಬಿಯರ್. ಕ್ರಾಫ್ಟ್ ಬಿಯರ್‌ನಲ್ಲೂ ಬಗೆಯಿಂದ ಬಗೆಗೆ ಈ ಅಂಕಿ ಬದಲಾಗುತ್ತದೆ. ಮೆನುವಿನಲ್ಲಿ ಹೆಸರಿನ ಪಕ್ಕ ಶೇಕಡಾ ಎಷ್ಟು ಎಂದು ಬರೆದಿರುತ್ತಾರೆ. ರೇಟಿಗಿಂತ ಮೊದಲು ಅದನ್ನು ನೋಡಿ.

ದೇಹ ಒಂದು ಗಂಟೆಗೆ ಖಾಲಿ ಮಾಡಬಲ್ಲದ್ದು ಅಂದಾಜು 7ರಿಂದ 10 ಗ್ರಾಂ. ಒಂದು ಮಗ್ ಕರಗಲು ಎರಡು–ಮೂರು ಗಂಟೆ ಬೇಕು. ಮಜ್ಜಿಗೆ, ನಿಂಬೆಹಣ್ಣು, ತಣ್ಣೀರು ಸ್ನಾನ ಯಾವುದೂ ಅದನ್ನು ಬೇಗ ಮಾಡುವುದಿಲ್ಲ. 100 ಮಿ.ಲೀ. ರಕ್ತದಲ್ಲಿ 30 ಮಿಲಿಗ್ರಾಂ ಮೀರಿದರೆ ಗಾಡಿ ಓಡಿಸುವುದು ಅಪರಾಧ. ಅದಕ್ಕೆ ‘ಕ್ರಾಫ್ಟ್’ ಎಂಬ ರಿಯಾಯಿತಿ ಇಲ್ಲ.

ಈಗ ಮುಖ್ಯ ಪ್ರಶ್ನೆ: ಕಿಡ್ನಿ ಕಲ್ಲು

ಈ ನಂಬಿಕೆ ಹುಟ್ಟಿದ್ದು ಎಲ್ಲಿಂದ ಎಂದು ಊಹಿಸುವುದು ಕಷ್ಟವಲ್ಲ. ಬಿಯರ್ ಕುಡಿದರೆ ಮೂತ್ರ ಜಾಸ್ತಿ ಹೋಗುತ್ತದೆ. ಮೂತ್ರ ಜಾಸ್ತಿ ಹೋದರೆ ಕಲ್ಲು ಕೊಚ್ಚಿಕೊಂಡು ಹೋಗಬೇಕಲ್ಲ ಎಂಬುದು ತರ್ಕ.

ಮೂತ್ರ ಜಾಸ್ತಿ ಹೋಗುವುದೇಕೆ? ದೇಹದಲ್ಲಿ ನೀರು ಹಿಡಿದಿಡಲು ಮೆದುಳು ವಾಸೋಪ್ರೆಸಿನ್ ಎಂಬ ಹಾರ್ಮೋನು ಬಿಡುತ್ತದೆ. ಮದ್ಯಸಾರ ಅದನ್ನು ತಡೆಯುತ್ತದೆ. ಹಾಗಾಗಿ ಉಳಿಯಬೇಕಿದ್ದ ನೀರೂ ಹೊರಗೆ ಹೋಗುತ್ತದೆ. ಕುಡಿದ ಮರುದಿನ ಬಾಯಿ ಒಣಗುವುದಕ್ಕೆ ಇದೂ ಕಾರಣ. ಮೈಯಲ್ಲಿ ನೀರು ಕಡಿಮೆಯಾದರೆ ಮೂತ್ರ ಗಟ್ಟಿಯಾಗುತ್ತದೆ. ಗಟ್ಟಿ ಮೂತ್ರದಲ್ಲಿ ಕಲ್ಲು ಕೂಡುವುದು ಸುಲಭ. ಮೇ ತಿಂಗಳ ಬಿಸಿಲಲ್ಲಿ ಹೊಲದಲ್ಲಿ ದುಡಿದು ಬೆವರು ಹರಿಸಿದವರಿಗೆ ಇದು ಇನ್ನೂ ಕೆಡುಕು.

ಕಿಡ್ನಿ ಕಲ್ಲುಗಳಲ್ಲಿ ಹೆಚ್ಚಿನವು ಕ್ಯಾಲ್ಸಿಯಂ ಆಕ್ಸಲೇಟ್‌ನವು. ಇವು ಬಿಯರ್‌ನಲ್ಲಿ ಕರಗುವುದಿಲ್ಲ. ಇನ್ನೊಂದು ಬಗೆ ಯೂರಿಕ್ ಆಮ್ಲದ ಕಲ್ಲು. ಬಿಯರ್‌ನಲ್ಲಿರುವ ಪ್ಯೂರಿನ್ ಮತ್ತು ಮದ್ಯಸಾರ ಎರಡೂ ರಕ್ತದಲ್ಲಿ ಯೂರಿಕ್ ಆಮ್ಲವನ್ನು ಏರಿಸುತ್ತವೆ. ಕೀಲುನೋವಿನ ಗೌಟ್ ಇರುವವರಿಗೆ ವೈದ್ಯರು ಬಿಯರ್ ಬೇಡ ಎನ್ನುವುದು ಇದಕ್ಕೇ.

ಒಂದು ಮಾತು ಪ್ರಾಮಾಣಿಕವಾಗಿ ಹೇಳಬೇಕು. ಅಮೆರಿಕದಲ್ಲಿ ಸಾವಿರಾರು ಜನರನ್ನು ವರ್ಷಗಟ್ಟಲೆ ಗಮನಿಸಿದ ಕೆಲವು ಅಧ್ಯಯನಗಳಲ್ಲಿ ಬಿಯರ್ ಕುಡಿಯುವವರಲ್ಲಿ ಹೊಸದಾಗಿ ಕಲ್ಲಾಗುವುದು ಸ್ವಲ್ಪ ಕಡಿಮೆ ಕಂಡಿದೆ. ಫಾರ್ವರ್ಡ್‌ಗಳಿಗೆ ಬೀಜ ಇದೇ ಇರಬಹುದು. ಆದರೆ ಅದು ‘ಮುಂದೆ ಕಲ್ಲಾಗುವ ಸಂಭವ’ದ ಲೆಕ್ಕ. ‘ಆಗಿರುವ ಕಲ್ಲು ಕರಗಿತು’ ಎಂದು ಅಲ್ಲಿ ಯಾರೂ ಹೇಳಿಲ್ಲ. ಕಲ್ಲಾಗದಿರಲು ಮೂತ್ರ ತೆಳುವಾಗಿರಬೇಕು ಎಂಬುದಷ್ಟೇ ಉದ್ದೇಶವಾದರೆ, ಆ ಕೆಲಸಕ್ಕೆ ಕೊಡದ ನೀರು ಸಾಕು. ದಿನಕ್ಕೆ ಎರಡರಿಂದ ಎರಡೂವರೆ ಲೀಟರ್ ಮೂತ್ರ ಹೋಗುವಷ್ಟು ನೀರು ಕುಡಿಯಿರಿ ಎಂಬುದು ಕಲ್ಲಾದವರಿಗೆ ವೈದ್ಯರು ಸಾಮಾನ್ಯವಾಗಿ ಕೊಡುವ ಸಲಹೆ. ಹೃದಯ ಅಥವಾ ಕಿಡ್ನಿ ಕಾಯಿಲೆ ಇದ್ದರೆ ಎಷ್ಟು ನೀರು ಎಂಬುದನ್ನು ವೈದ್ಯರೇ ಹೇಳಬೇಕು.

ಹಾಗಾದರೆ “ನನಗೆ ಬಿಯರ್ ಕುಡಿದೇ ಹೋಯಿತು” ಎನ್ನುವವರು ಸುಳ್ಳು ಹೇಳುತ್ತಾರೆಯೇ? ಇಲ್ಲ. 5 ಮಿಲಿಮೀಟರಿಗಿಂತ ಸಣ್ಣ ಕಲ್ಲುಗಳಲ್ಲಿ ಹೆಚ್ಚಿನವು ಕೆಲವು ವಾರಗಳಲ್ಲಿ ತಾವಾಗಿಯೇ ಹೋಗುತ್ತವೆ. ಆ ವಾರಗಳಲ್ಲಿ ಬಿಯರ್ ಕುಡಿದವರು ಬಿಯರ್‌ಗೆ, ಬಾಳೆದಿಂಡಿನ ರಸ ಕುಡಿದವರು ಬಾಳೆದಿಂಡಿಗೆ, ಹರಕೆ ಹೊತ್ತವರು ದೇವರಿಗೆ ಹೆಸರು ಕೊಡುತ್ತಾರೆ. ಹೋಗದವರು ಸ್ಟೇಟಸ್ ಹಾಕುವುದಿಲ್ಲ.

ಕಲ್ಲು ದೊಡ್ಡದಾದಷ್ಟೂ ತಾನಾಗಿ ಹೋಗುವ ಸಾಧ್ಯತೆ ಇಳಿಯುತ್ತದೆ. 8 ಎಂಎಂ ಕಲ್ಲು ನಾಳದಲ್ಲಿ ಸಿಕ್ಕಿಕೊಂಡರೆ ಕಿಡ್ನಿಯೊಳಗೆ ಮೂತ್ರ ಕಟ್ಟಿ ಒತ್ತಡ ಏರುತ್ತದೆ. ಆಗ ಬಿಯರ್ ಕುಡಿದು ಒಮ್ಮೆಲೇ ಮೂತ್ರ ಹೆಚ್ಚಿಸಿದರೆ ಕಟ್ಟಿದ ಕಾಲುವೆಗೆ ಇನ್ನಷ್ಟು ನೀರು ಬಿಟ್ಟಂತೆ. ನೋವು ಹೆಚ್ಚುತ್ತದೆ, ಕಲ್ಲು ಅಲ್ಲೇ ಇರುತ್ತದೆ. ನೋವಿಗೆಂದು ಕೊಟ್ಟ ಮಾತ್ರೆಗಳ ಜೊತೆ ಮದ್ಯ ಸೇರಿದರೆ ಹೊಟ್ಟೆಯಲ್ಲಿ ರಕ್ತಸ್ರಾವದಂಥ ತೊಂದರೆಗಳ ಅಪಾಯವೂ ಏರುತ್ತದೆ.

ಈ ಲಕ್ಷಣಗಳಲ್ಲಿ ಯಾವುದೇ ಒಂದು ಕಂಡರೂ ಕಾಯಬೇಡಿ, ಅದೇ ದಿನ ಆಸ್ಪತ್ರೆಗೆ ಹೋಗಿ:

• ಬೆನ್ನು, ಪಕ್ಕೆ ನೋವಿನ ಜೊತೆಗೆ ಜ್ವರ ಅಥವಾ ಚಳಿ ನಡುಕ
• ಮೂತ್ರ ಕಟ್ಟಿಕೊಳ್ಳುವುದು
• ನಿಲ್ಲದ ವಾಂತಿ
• ತಡೆಯಲಾಗದ ನೋವು, ಮೂತ್ರದಲ್ಲಿ ರಕ್ತ

ಕಟ್ಟಿದ ಮೂತ್ರದಲ್ಲಿ ಸೋಂಕು ಸೇರಿದರೆ ಜೀವಕ್ಕೇ ಅಪಾಯ. ‘ಹದಿನೈದು ದಿನ ಬಿಯರ್ ಕುಡಿದು ನೋಡೋಣ’ ಎಂಬ ಮಾತು ಅಪಾಯಕಾರಿ ಆಗುವುದು ಇಲ್ಲಿ. ಹಾಳಾಗುವುದು ದುಡ್ಡಲ್ಲ, ದಿನಗಳು.

‘ಹಾಗಾದರೆ ಸೇಂದಿ ವಾಸಿ’ ಅನ್ನುವವರಿಗೆ

ಹಿರಿಯರ ಬಾಯಲ್ಲಿ ಇನ್ನೊಂದು ಮಾತು ಕೇಳುತ್ತೇವೆ: “ಬಿಯರ್ ಯಾಕೆ, ನಮ್ಮ ಈಚಲು ಸೇಂದಿಯೇ ತಂಪು, ಔಷಧಿ.” ಮರದಿಂದ ಇಳಿದ ಕ್ಷಣದಲ್ಲಿ ಈಚಲ ರಸ ಸಿಹಿ ನೀರೇ ನಿಜ. ಆದರೆ ಗಾಳಿಯಲ್ಲಿನ, ಮಡಕೆಯಲ್ಲಿನ ಯೀಸ್ಟ್ ಕೆಲವೇ ಗಂಟೆಗಳಲ್ಲಿ ಅದನ್ನು ಹುದುಗಿಸುತ್ತದೆ. ಸಂಜೆಯ ಹೊತ್ತಿಗೆ ಅದರಲ್ಲಿ ಬಿಯರ್‌ನಷ್ಟೇ ಮದ್ಯಸಾರ ಇರಬಹುದು, ಇನ್ನೂ ಬಿಟ್ಟರೆ ವಿನಿಗರ್ ಆಗುತ್ತದೆ. ರಾಜ್ಯದ ಬಹುಭಾಗದಲ್ಲಿ ಸೇಂದಿ ಇಳಿಸಲು ಈಗ ಅನುಮತಿಯೂ ಇಲ್ಲ. ಕದ್ದು ಮಾರುವ ಸೇಂದಿಗೆ ಮತ್ತು ಹೆಚ್ಚಿಸಲು ಕ್ಲೋರಲ್ ಹೈಡ್ರೇಟ್ ಎಂಬ ಪುಡಿ ಬೆರೆಸಿದ ಪ್ರಕರಣಗಳು ರಾಯಚೂರು, ತೆಲಂಗಾಣ ಗಡಿ ಭಾಗದಲ್ಲಿ ಪದೇ ಪದೇ ಬಯಲಾಗಿವೆ. ‘ನೈಸರ್ಗಿಕ’ ಎಂಬ ಪದ ಅಲ್ಲೂ ಕಾಪಾಡುವುದಿಲ್ಲ.

ಕುಡಿಯುವ ಪ್ರಮಾಣ ಎಷ್ಟೇ ಇರಲಿ, ಆರೋಗ್ಯಕ್ಕೆ ಪೂರ್ತಿ ಸುರಕ್ಷಿತ ಎನ್ನುವ ಮಟ್ಟ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಜನವರಿಯಲ್ಲಿ ಹೇಳಿದೆ. ಅದರ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1988ರಲ್ಲೇ ಮದ್ಯವನ್ನು ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತ್ತು. ನಮ್ಮ ದೇಶದ ನಿಯಮವೂ ಮದ್ಯದ ಲೇಬಲ್ ಮೇಲೆ ಆರೋಗ್ಯಕ್ಕೆ ಒಳ್ಳೆಯದೆಂದು ಹೇಳಿಕೊಳ್ಳಲು ಬಿಡುವುದಿಲ್ಲ. ಮಾರುವ ಕಂಪನಿಯೇ ಬರೆಯಲಾಗದ ಮಾತನ್ನು ವಾಟ್ಸ್‌ಆ್ಯಪ್ ಪುಕ್ಕಟೆಯಾಗಿ ಬರೆದುಕೊಡುತ್ತಿದೆ.

ಅರಸೀಕೆರೆಯ ಓದುಗರಿಗೆ ನಮ್ಮ ಉತ್ತರ

ನಾವು ಅವರಿಗೆ ಬರೆದದ್ದು ಇಷ್ಟು: ತಮ್ಮ ಹಬ್ಬಕ್ಕೆ ಬರಲಿ, ಬಿಯರ್ ಬೇಡ. ಅಪ್ಪಾಜಿಯವರ ಸ್ಕ್ಯಾನಿಂಗ್ ರಿಪೋರ್ಟ್ ಹಿಡಿದುಕೊಂಡು ಹಬ್ಬಕ್ಕೂ ಮೊದಲೇ ಹರಪನಹಳ್ಳಿಯಲ್ಲೋ ದಾವಣಗೆರೆಯಲ್ಲೋ ಮೂತ್ರಾಂಗದ ತಜ್ಞರಿಗೆ ತೋರಿಸಿ. ಕಲ್ಲು ಎಲ್ಲಿದೆ, ಮೂತ್ರ ಕಟ್ಟಿದೆಯೇ ಎಂದು ನೋಡಿ ಅವರು ಮಾತ್ರೆಯೋ, ಪುಡಿಮಾಡುವುದೋ, ಕಾಯುವುದೋ ಹೇಳುತ್ತಾರೆ. ಆವರೆಗೆ ಜ್ವರ ಬಂದರೆ ತಡಮಾಡಬೇಡಿ.

ತಮ್ಮನಿಗೂ ಒಂದು ಮಾತು. ನೀವು ಬೆಂಗಳೂರಿನಲ್ಲಿ ಇಷ್ಟಪಟ್ಟ ಬಿಯರ್ ಒಳ್ಳೆಯದೇ ಇರಬಹುದು. ಆ ಒಳ್ಳೆಯತನ ನಾಲಿಗೆಯ ಮಟ್ಟದ್ದು. ಕುಡಿಯುವುದಿದ್ದರೆ ಲೆಕ್ಕ ಇಟ್ಟು, ಗಾಡಿ ಮುಟ್ಟದೆ, ರುಚಿಗಾಗಿ ಎಂದು ತಿಳಿದೇ ಕುಡಿಯಿರಿ. ಅಪ್ಪನಿಗೆ ಮದ್ದೆಂದು ಕೊಡಬೇಡಿ.

ಆ ಫಾರ್ವರ್ಡ್ ನಿಮಗೂ ಬಂದಿದ್ದರೆ ಹತ್ತು ಜನರಿಗೆ ಕಳಿಸುವ ಬದಲು, ಅದನ್ನು ಕಳಿಸಿದ ಒಬ್ಬರಿಗೆ ಇದನ್ನು ಕಳಿಸಿ.